ಬೋರ್ಡಿಗೆ ಗುರುತಿಲ್ಲದ ಪ್ರೊಸೆಸರ್

ಕೃಷ್ಣೆಯ ದಂಡೆಯ ಮೇಲೆ ನಿರುಪಾದಿ ಅಜ್ಜನ ಆಶ್ರಮ. ಅಲ್ಲಿಗೆ ಬಂದು ಅಡಿವೆಪ್ಪನಿಗೆ ಆರು ವರ್ಷ ತುಂಬಿತ್ತು. ಉಪದೇಶ ಮಾತ್ರ ಸಿಕ್ಕಿರಲಿಲ್ಲ.

ಉಪದೇಶವೆಂದರೆ ದೊಡ್ಡ ಸಮಾರಂಭವೇನಲ್ಲ. ಅಜ್ಜ ಶಿಷ್ಯನನ್ನು ಹತ್ತಿರ ಕರೆದು ಬಲಗಿವಿಯಲ್ಲಿ ಒಂದು ಮಾತು ಹೇಳುತ್ತಿದ್ದರು. ಅಷ್ಟೇ. ಕೇಳಿಸಿಕೊಂಡವರು ಅದನ್ನು ಹೊರಗೆ ಆಡುತ್ತಿರಲಿಲ್ಲ. ಆದರೆ ಎದ್ದು ಬರುವಾಗಿನ ಅವರ ಮುಖ ನೋಡಿ ಅಡಿವೆಪ್ಪನಿಗೆ ಆ ರಾತ್ರಿ ಊಟ ಸೇರುತ್ತಿರಲಿಲ್ಲ.

ಅವನ ನಂತರ ಬಂದ ಐದು ಮಂದಿಗೆ ಆ ಮಾತು ಸಿಕ್ಕಿತ್ತು. ನಸುಕಿನಲ್ಲಿ ಏಳುವುದರಲ್ಲಾಗಲಿ, ನೀರು ಹೊರುವುದರಲ್ಲಾಗಲಿ, ಪಾಠ ಒಪ್ಪಿಸುವುದರಲ್ಲಾಗಲಿ ಅವರು ಅವನ ಹತ್ತಿರಕ್ಕೂ ಬರುವವರಲ್ಲ. ಅವರಲ್ಲೊಬ್ಬ ಜಪಕ್ಕೆ ಕೂತು ಗೊರಕೆ ಹೊಡೆಯುತ್ತಿದ್ದ. ಅವನಿಗೂ ಸಿಕ್ಕಿತ್ತು.

ಒಂದು ಮುಂಜಾನೆ ತಡೆಯಲಾಗದೆ ಕೇಳಿಯೇಬಿಟ್ಟ.

"ಅಜ್ಜಾರ, ನನ್ನೊಳಗ ಏನ್ ಕಡಿಮಿ ಆಗೇತ್ರಿ?"

"ಕಡಿಮಿ ಏನೂ ಇಲ್ಲೋ ಅಡಿವೆಪ್ಪಾ."

"ಮತ್ಯಾಕ್ರಿ ಇಷ್ಟು ತಡಾ?"

"ಅದನ್ನ ನಾನೂ ನೋಡಾಕತ್ತೀನಿ."

ಇಂಥ ಉತ್ತರ ಕಟ್ಟಿಕೊಂಡು ಏನು ಮಾಡುವುದು? ಅವನು ಕೊಡ ಎತ್ತಿಕೊಂಡು ಹೊಳೆಗೆ ಹೋದ.

ಅದೇ ವಾರ ಆಶ್ರಮಕ್ಕೊಂದು ಪಾರ್ಸೆಲ್ ಬಂತು.

ಆಶ್ರಮದಲ್ಲಿ ಮೂರು ಟ್ರಂಕು ತುಂಬ ಹಳೆಯ ಕ್ಯಾಸೆಟ್‌ಗಳಿದ್ದವು. ಸುತ್ತಲಿನ ಊರುಗಳ ಭಜನೆಯವರು ನಲವತ್ತು ವರ್ಷ ಹಾಡಿದ ತತ್ವಪದಗಳು. ಹಾಡಿದವರಲ್ಲಿ ಬಹಳ ಮಂದಿ ಈಗಿಲ್ಲ. ಅಡಿವೆಪ್ಪ ಅವನ್ನು ಕಂಪ್ಯೂಟರಿಗೆ ಇಳಿಸಿ, ಗರಗರ ಸದ್ದು ತೆಗೆದು, ದನಿಯನ್ನಷ್ಟು ಉಳಿಸುವ ಕೆಲಸ ಮಾಡುತ್ತಿದ್ದ. ಹೋದ ತಿಂಗಳು ಆ ಕಂಪ್ಯೂಟರ್ ಕಣ್ಣು ಮುಚ್ಚಿತು. ಸುದ್ದಿ ಕೇಳಿದ ಭಕ್ತರೊಬ್ಬರು ಹೊಚ್ಚ ಹೊಸ ಪ್ರೊಸೆಸರ್ ಕಳಿಸಿಕೊಟ್ಟಿದ್ದರು. ಅದೊಂದನ್ನೇ. ಅದು ಗಾಳಿಯಲ್ಲಿ ನಿಂತು ಕೆಲಸ ಮಾಡುತ್ತದೆಂದು ಅವರು ತಿಳಿದಿರಬೇಕು.

ಅಜ್ಜ ಅದನ್ನು ಅಂಗೈ ಮೇಲಿಟ್ಟುಕೊಂಡರು. ಬಿಸ್ಕತ್ತಿನಷ್ಟೂ ದೊಡ್ಡದಿರಲಿಲ್ಲ.

"ಇದೇನ್ ಮಾಡತೈತೋ?"

"ಲೆಕ್ಕಾ ಮಾಡತೈತ್ರಿ. ಕಣ್ಣ ಪಿಳುಕಸೂದ್ರೊಳಗ ಕೋಟಿಗಟ್ಟಲೆ."

ಅಜ್ಜ ಅದನ್ನು ಕಿವಿಗೆ ಹಿಡಿದು ಬಹಳ ಹೊತ್ತು ಆಲಿಸಿದರು.

"ಇಷ್ಟೆಲ್ಲಾ ಬಲ್ಲದ್ದು ಎಷ್ಟು ಸುಮ್ಮನೈತಿ ನೋಡೋ," ಎಂದರು.

ಆಮೇಲೆ ಓದುವ ಭೂತಗನ್ನಡಿ ತರಿಸಿ ಅದರ ಹೊಟ್ಟೆಯ ಕಡೆ ಹಿಡಿದರು. ಚಿನ್ನದ ಚುಕ್ಕೆಗಳು ಸಾಲು ಸಾಲಾಗಿ ಕಂಡವು. ಅಜ್ಜನ ಬಾಯಿ ಮೆಲ್ಲಗೆ ತೆರೆಯಿತು.

"ಸಾವಿರದ ಏಳ್ನೂರು ಅದಾವ್ರಿ," ಎಂದ ಅಡಿವೆಪ್ಪ. "ಇದು ಕೂಡೂ ಜಾಗಾದಾಗೂ ಅಷ್ಟs ಪಿನ್ನು ಇರಬೇಕು. ಒಂದು ಹೆಚ್ಚಿಲ್ಲ, ಒಂದು ಕಡಿಮಿಲ್ಲ."

"ಎಲ್ಲಿ ಕೂಡತೈತಿ?"

"ಮದರ್‌ಬೋರ್ಡ್ ಮ್ಯಾಲ್ರಿ. ಅದನ್ನ ನಾವು ಆರಿಸಿ ತರಬೇಕು."

"ತಾಯಿ ಅಂತಾರೇನು ಅದಕ?"

"ಹೂಂರಿ. ಉಳಿದದ್ದೆಲ್ಲಾ ಆಕಿ ತೊಡಿ ಮ್ಯಾಲ ಕೂಡತಾವು. ಆದ್ರ ಯಾವ ತಾಯಿ ಆದ್ರೂ ನಡ್ಯಾಂಗಿಲ್ಲ. ಇದಕೂ ಆಕಿಗೂ ಹೊಂದಬೇಕು."

"ಹೊಂದಿದ್ದು ಹೆಂಗ ಗೊತ್ತಾಗತೈತಿ?"

"ಅದನ್ನ ನನಗ ಬಿಡ್ರಿ ಅಜ್ಜಾರ."

ಅಜ್ಜ ಪ್ರೊಸೆಸರನ್ನು ಡಬ್ಬಿಗೆ ಇಟ್ಟು ಮುಚ್ಚಿದರು.

"ಆತು. ಇದು ಉಸಿರಾಡಿದ ದಿನ ನಿನ್ನ ಬಲಗಿವಿ ನನ್ನ ಕಡೆ ತಾ."

ಅಡಿವೆಪ್ಪ ಆರು ವರ್ಷ ಕಾದದ್ದು ಒಂದು ಬೋರ್ಡಿನ ದೂರದಲ್ಲಿ ಬಂದು ನಿಂತಿತ್ತು.

ಮರುದಿನವೇ ಶಹರದ ದೊಡ್ಡ ಅಂಗಡಿಗೆ ಹೋದ. ಆರಿಸುವುದರಲ್ಲಿ ಅವನು ಹುಷಾರು. ಸಾಕೆಟ್ಟಿನ ಪಿನ್ನಿನ ಸಂಖ್ಯೆ ನೋಡಿದ. ಆಶ್ರಮದಲ್ಲಿದ್ದ ರ್ಯಾಮ್ ಅದರಲ್ಲಿ ಕೂರುತ್ತದೆಯೇ ನೋಡಿದ. ಕ್ಯಾಬಿನೆಟ್ಟಿನ ಅಳತೆಯನ್ನು ದಾರದಲ್ಲಿ ಹಿಡಿದುಕೊಂಡು ಹೋಗಿದ್ದ, ಅದನ್ನೂ ಇಟ್ಟು ನೋಡಿದ. ಅಂಗಡಿಯವನು ಬೇರೆ ಎರಡು ಬೋರ್ಡು ತೋರಿಸಿದರೂ ಜಗ್ಗಲಿಲ್ಲ. ಹೊಂದುವುದನ್ನೇ ತಂದ.

ಪಡಸಾಲೆಯಲ್ಲಿ ಚಾಪೆ ಹಾಸಿ ಕೂತ. ಬೋರ್ಡು ಮುಟ್ಟುವ ಮೊದಲು ಎಡಗೈ ಚಾಚಿ ಕಿಟಕಿಯ ಕಬ್ಬಿಣದ ಸರಳು ಮುಟ್ಟಿದ. ಆ ಕೈಯನ್ನು ಎದೆಗೆ ತಂದ. ತುಟಿಯೊಳಗೇ ಏನೋ ಅಂದ. ಆಮೇಲೆ ಕೆಲಸ ಹಿಡಿದ. ಅಜ್ಜ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

ಪ್ರೊಸೆಸರ್ ತನ್ನ ಜಾಗದಲ್ಲಿ ಸದ್ದಿಲ್ಲದೆ ಕೂತಿತು. ಕೂರಿಸಿದ್ದೇ ಗೊತ್ತಾಗಲಿಲ್ಲ, ಅಷ್ಟು ಸರಿಯಾಗಿ.

"ಕೂಡ್ತೇನೋ?"

"ಹೂ ಇಟ್ಟಂಗ ಕೂತೈತ್ರಿ."

ಅಡಿವೆಪ್ಪ ಗುಂಡಿ ಒತ್ತಿದ. ಫ್ಯಾನು ತಿರುಗಿತು. ನೆರೆದ ಶಿಷ್ಯರೆಲ್ಲ ಪರದೆಯತ್ತ ಬಾಗಿದರು.

ಪರದೆ ಕಪ್ಪಗೇ ಇತ್ತು. ಬೋರ್ಡಿನ ಮೂಲೆಯಲ್ಲಿ ಸಾಸಿವೆಯಷ್ಟು ಕೆಂಪು ದೀಪ ಹತ್ತಿಕೊಂಡಿತು. ಆರಲಿಲ್ಲ.

ಬಿಚ್ಚಿದ, ಜೋಡಿಸಿದ. ಮತ್ತೆ ಬಿಚ್ಚಿದ. ಮೂರು ದಿನ ಇದೇ ಆಯಿತು. ಗೊರಕೆಯ ಶಿಷ್ಯ ಬಂದು "ಒಂದ್ ಊದಿನಕಡ್ಡಿ ಹಚ್ಚಿ ನೋಡೂಣೇನಣ್ಣಾ?" ಎಂದಾಗ ಅಡಿವೆಪ್ಪ ಸ್ಕ್ರೂಡ್ರೈವರ್ ಹಿಡಿದೇ ಅವನನ್ನು ನೋಡಿದ ರೀತಿ ಆಶ್ರಮಕ್ಕೆ ಒಪ್ಪುವಂಥದ್ದಾಗಿರಲಿಲ್ಲ.

ನಾಲ್ಕನೆಯ ದಿನ ಅವನು ಯಾವ ಯಾವ ಪ್ರೊಸೆಸರ್ ನಡೆಯುತ್ತದೆಂದು ಬೋರ್ಡು ಮಾಡಿದವರು ಕೊಟ್ಟ ಪಟ್ಟಿಯನ್ನು ಫೋನಿನಲ್ಲಿ ತೆರೆದು ಸಾಲು ಸಾಲಾಗಿ ಓದಿದ. ಓದಿ ಮುಗಿಸಿ ಹಣೆ ಹಿಡಿದುಕೊಂಡು ಅಜ್ಜನ ಹತ್ತಿರ ಬಂದ.

"ಸಿಕ್ತ್ರಿ ಅಜ್ಜಾರ."

"ಏನು?"

"ತಪ್ಪು. ಬೋರ್ಡಿಗೆ ಕರೆಂಟ್ ಬಂದ ಕೂಡಲೇ ಅದು ಮೊದಲು ಓದೂದು ಒಂದ್ ಸಣ್ಣ ಪಾಠಾರಿ. ಬಯೋಸ್ ಅಂತಾರ. ಯಾವ ಯಾವ ಪ್ರೊಸೆಸರ್ ತನ್ನವು ಅಂತ ಅದರಾಗ ಬರದಿರತೈತಿ. ಈ ಬೋರ್ಡು ತಯಾರಾದಾಗ ನಮ್ಮ ಪ್ರೊಸೆಸರ್ ಇನ್ನೂ ಹುಟ್ಟಿದ್ದಿಲ್ಲ. ಹಂಗಾಗಿ ಇದರ ಹೆಸರs ಅದಕ ಗೊತ್ತಿಲ್ಲ."

"ಆದ್ರ ಕೂತೈತಿ."

"ಕೂತೈತ್ರಿ. ಪಿನ್ನಿಗೆ ಪಿನ್ನು ಸರಿ ಐತಿ."

ಅಜ್ಜ ಎದ್ದು ಬಂದು ಕೆಂಪು ದೀಪವನ್ನು ಬಾಗಿ ನೋಡಿದರು.

"ಹೊಂದೂದು ಬ್ಯಾರೆ, ಗುರುತು ಬ್ಯಾರೆ ಅಂದಂಗಾತು."

"ಹೂಂರಿ."

"ಹೊಸಾ ಪಾಠಾ ಕಲಿಸಾಕ ಬರೂದಿಲ್ಲೇನು?"

"ಬರತೈತ್ರಿ. ಪೆನ್ ಡ್ರೈವಿಗೆ ಇಳಿಸಿಕೊಂಡೀನಿ. ಆದ್ರ ಅದನ್ನ ಓದಬೇಕಂದ್ರ ಬೋರ್ಡು ಎದ್ದು ಕೂಡಬೇಕು. ಏಳಬೇಕಂದ್ರ ಅದಕ ಗುರುತಿರೂ ಹಳೇ ಪ್ರೊಸೆಸರ್ ಒಂದು ಬೇಕು. ಎರಡು ತಲೆಮಾರು ಹಿಂದಿಂದು. ಅದನ್ನ ಒಮ್ಮಿ ಕುಂದರಿಸಿದ್ರ, ಹಳೇದs ಹೊಸಾದರ ಹೆಸರು ಹೇಳಿಕೊಡತೈತಿ. ಆಮ್ಯಾಲ ಹಳೇದನ್ನ ತಗದು ಹೊಸಾದು ಇಡಬಹುದು."

 ಅಜ್ಜನ ಕಣ್ಣುಗಳು ಅಗಲವಾಗಿದ್ದವು.

"ಇಂಥಾದನ್ನ ಕಟ್ಟಿದಾವ್ರು ಯಾರೋ ಭಾಳ ದೊಡ್ಡಾವ್ರು," ಎಂದರು. "ಆ ಹಳೇದನ್ನ ತಾ ಹೋಗು."

ಅಡಿವೆಪ್ಪ ಮತ್ತೆ ಶಹರಕ್ಕೆ ಹೋದ. ಅಂಗಡಿಯವನು ನಕ್ಕುಬಿಟ್ಟ.

"ಹಳೇದನ್ನ ಯಾರ್ ಇಟ್ಕೊಂತಾರ್ರಿ? ಬಂದ್ ದಿನಾನs ಖಾಲಿ. ನೀವು ಒಂದ್ ಕೆಲಸಾ ಮಾಡ್ರಿ. ಹೊಳಿ ಆಚೆ ದಂಡಿಗೆ ಮೌಲಾಲಿ ಅಂತ ಒಬ್ಬ ಮುದುಕ ಅದಾನ. ರೇಡಿಯೋ, ಟೀವಿ, ಕಂಪ್ಯೂಟರ್ ಎಲ್ಲಾ ರಿಪೇರಿ ಮಾಡತಾನ. ಒಂದ್ ಸಾಮಾನೂ ಒಗ್ಯಾಂಗಿಲ್ಲ. ಅವನ ಕಡೆ ಇರತೈತಿ."

ಅಡಿವೆಪ್ಪ ತಲೆಯಾಡಿಸಿ ಹೊರಗೆ ಬಂದ. ಬಿಸಿಲಿತ್ತು, ಆದರೂ ಬಸ್ ನಿಲ್ದಾಣದವರೆಗೆ ನಡೆದೇ ಹೋದ.

ಮೌಲಾಲಿ ಯಾರೆಂದು ಅವನಿಗೆ ಅಂಗಡಿಯವನು ಹೇಳಬೇಕಾಗಿರಲಿಲ್ಲ. ಏಳು ವರ್ಷ ಅವನು ಆ ಡಬ್ಬಿ ಅಂಗಡಿಯಲ್ಲೇ ಕೂತು ಕೆಲಸ ಕಲಿತಿದ್ದ. ಒಂದು ಬೆಳಿಗ್ಗೆ ಅಂಗಡಿಯ ಕೀಲಿಯನ್ನು ಬಾಗಿಲಿಗೆ ಸಿಕ್ಕಿಸಿ, ಹೇಳದೆ ಕೇಳದೆ ಹೊಳೆ ದಾಟಿ ಆಶ್ರಮಕ್ಕೆ ಬಂದಿದ್ದ. ಹೇಳಿದರೆ ಮುದುಕ ಬಿಡಲಿಕ್ಕಿಲ್ಲವೆಂಬ ಅಂಜಿಕೆ. ಬಂದ ದಿನ ಅಜ್ಜ, "ಇದಕೂ ಮೊದಲ ಯಾರ ಕಡೆ ಕಲ್ತಿಯೋ?" ಎಂದು ಕೇಳಿದ್ದರು. ಇವನು, "ಯಾರ ಕಡೆನೂ ಇಲ್ರಿ," ಎಂದಿದ್ದ. ಬೆಸುಗೆ ಹಾಕುವುದನ್ನು ಕಲಿತದ್ದನ್ನೆಲ್ಲ ಗುರುವಿನ ಮುಂದೆ ಹೇಳುವುದೇನು ಎಂದು ಆಗ ಅನಿಸಿತ್ತು. ಈಗ ನೆನೆದರೆ ಮುಖ ಬಿಸಿಯಾಗುತ್ತಿತ್ತು.

ಆಶ್ರಮಕ್ಕೆ ಬಂದು ಹೇಳಿದ. "ಎಲ್ಲೂ ಸಿಗಲಿಲ್ರಿ ಅಜ್ಜಾರ."

"ಎಲ್ಲೂ?"

"ಎಲ್ಲೂರಿ."

ಅಜ್ಜ ಅವನನ್ನು ನೋಡಿದರು. "ಆ ಬೋರ್ಡು ಎತ್ತಿಕೊಂಡು ಇಲ್ಲಿ ಬಾ," ಎಂದರು.

ಅಡಿವೆಪ್ಪ ಹೋಗಿ ಬೋರ್ಡಿಗೆ ಕೈ ಹಾಕಿದ.

"ಅಲ್ಲೇ ನಿಲ್ಲು. ಈಗೇನ್ ಮಾಡಿದಿ?"

"ಏನೂ ಇಲ್ರಿ."

"ಕಿಟಕಿ ಸಳಿ ಮುಟ್ಟಿದಿ."

"ಮೈಯಾಗ ಸಣ್ಣ ಕರೆಂಟ್ ಇರತೈತ್ರಿ. ಕಬ್ಬಿಣಾ ಮುಟ್ಟಿದ್ರ ಇಳದು ಹೋಗತೈತಿ. ಇಲ್ಲಂದ್ರ ಬೋರ್ಡು ಸುಡತೈತಿ."

"ಎದಿ ಯಾಕ ಮುಟ್ಟಿದಿ? ಎದ್ಯಾಗೂ ಕರೆಂಟ್ ಐತೇನು?"

ಅಡಿವೆಪ್ಪ ಬೋರ್ಡಿನಿಂದ ಕೈ ತೆಗೆದ.

"ತುಟಿ ಯಾಕ ಅಲ್ಲಾಡಿತು?"

ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ. ತನ್ನ ಕೈಯನ್ನೇ ನೋಡುತ್ತ ನಿಂತ.

"ಆರು ವರ್ಷದಿಂದ ನೋಡಾಕತ್ತೀನಿ," ಎಂದರು ಅಜ್ಜ. "ಒಂದ್ ಬಲ್ಬ್ ಹಾಕಾಕ ಹ್ವಾದ್ರೂ ಹಿಂಗs ಮಾಡತಿ. ಇದು ನಮ್ಮ ಆಶ್ರಮದ್ದಲ್ಲ. ನಾ ಕಲಿಸಿದ್ದಲ್ಲ. ಯಾರದೋ ಇದು?"

ಹೊರಗೆ ಯಾರೋ ಹೊಳೆಯಲ್ಲಿ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಅಡಿವೆಪ್ಪ ಹೊಳೆಯ ಕಡೆ ತಿರುಗಿದ.

"ಮೌಲಾಲಿ ಉಸ್ತಾದರದ್ರಿ," ಎಂದ. ಎಷ್ಟೋ ವರ್ಷಕ್ಕೆ ಆ ಹೆಸರು ಅವನ ಬಾಯಿಂದ ಬಂದಿತ್ತು. "ಕೆಲಸಕ್ಕ ಕೈ ಹಚ್ಚೂ ಮುಂಚೆ ಅವರು ಕಬ್ಬಿಣಾ ಮುಟ್ಟಿ, ಎದಿ ಮುಟ್ಟಿ, ಬಿಸ್ಮಿಲ್ಲಾ ಅಂತಿದ್ರು. ನಾನೂ ಅಂತೀನಿ ಅನ್ನೂದs ನನಗ ಗೊತ್ತಿದ್ದಿಲ್ರಿ."

"ಉಸ್ತಾದ ಅಂದ್ರ ಏನೋ?"

"ಕಲಿಸಾವ್ರು ಅಂತ್ರಿ."

"ಕಲಿಸಾವ್ರಿಗೆ ನಾವು ಏನಂತೀವಿ?"

ಅಡಿವೆಪ್ಪನ ಕಣ್ಣಲ್ಲಿ ನೀರು ನಿಂತಿತು. "ಆ ಹಳೇ ಪ್ರೊಸೆಸರ್ ಹೊಳಿ ಆಚೆ ಅವರ ಅಂಗಡ್ಯಾಗ ಇರತೈತ್ರಿ," ಎಂದ.

"ದೋಣಿ ಹೊಂಡತೈತಿ. ಹೋಗು," ಎಂದರು ಅಜ್ಜ.

ಆಚೆ ದಂಡೆಯ ಅಂಗಡಿ ಇದ್ದಲ್ಲೇ ಇತ್ತು. ಮೌಲಾಲಿ ಉಸ್ತಾದ ಒಂದು ರೇಡಿಯೋ ಬಿಚ್ಚಿಕೊಂಡು ಕೂತಿದ್ದರು. ಗಡ್ಡ ಪೂರ್ತಿ ಬಿಳಿ. ಕೈ ನಡುಗುತ್ತಿತ್ತು. ಕನ್ನಡಕದ ಮೇಲಿಂದ ನೋಡಿದರು.

"ಬಾ. ಚಾ ಕುಡಿತಿ?"

ಅಡಿವೆಪ್ಪ ಹೊಸ್ತಿಲಲ್ಲೇ ಕೂತ. "ಉಸ್ತಾದ, ನಾ ಹೇಳದs ಹ್ವಾದೆ."

"ಹೋದದ್ದು ಗೊತ್ತಾತು. ಕೀಲಿ ಬಾಗಲದಾಗ ಇತ್ತಲ್ಲ." ಚಹಾದ ಕಪ್ಪು ಮುಂದಿಟ್ಟರು. "ಆಶ್ರಮದಾಗ ನನ್ನ ಬಗ್ಗೆ ಏನಂತ ಹೇಳಿದಿ?"

ಅಡಿವೆಪ್ಪ ತಲೆ ತಗ್ಗಿಸಿದ.

"ಏನೂ ಹೇಳಿಲ್ಲ ಅನ್ನು." ಮುದುಕ ನಕ್ಕರು, ಆದರೆ ನಗು ಪೂರ್ತಿ ಮುಖಕ್ಕೆ ಬರಲಿಲ್ಲ. "ಬೈದಿದ್ರನ ಚಲೋ ಇತ್ತು ಬೇಟಾ. ನನ್ನ ಹೆಸರಾದ್ರೂ ನಿನ್ನ ಬಾಯಾಗ ಬರತಿತ್ತು."

ಅಡಿವೆಪ್ಪ ಅವರ ಕಾಲು ಹಿಡಿದ. ಮುದುಕ ಅವನ ತಲೆಯ ಮೇಲೆ ಕೈಯಿಟ್ಟರು. ಅಡಿವೆಪ್ಪ ಬಂದ ಕೆಲಸ ಹೇಳಿದ. ಮುದುಕ ಮೂಗು ಒರೆಸಿಕೊಂಡರು.

"ಯಾವ ಬೋರ್ಡು? ನಂಬರ್ ಹೇಳು."

ಅವನು ಹೇಳಿದ. ಉಸ್ತಾದ ಎದ್ದು ಕಪಾಟಿನಿಂದ ತಗಡಿನ ಡಬ್ಬಿ ತೆಗೆದರು. ಅದರಲ್ಲಿ ಇಪ್ಪತ್ತು ಮೂವತ್ತು ಪ್ರೊಸೆಸರ್‌ಗಳು, ಒಂದೊಂದೂ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಟ್ಟದ್ದು. ಕೈಯಾಡಿಸಿ ಒಂದನ್ನು ಹೊರಗೆ ತೆಗೆದು ಕಿಸೆಗೆ ಹಾಕಿಕೊಂಡರು. ಚಪ್ಪಲಿ ಮೆಟ್ಟಿದರು.

"ನೀವ್ಯಾಕ್ರಿ? ನಾ ಒಯ್ಯತೀನಿ."

"ಒಂದ್ ಪಿನ್ನು ಬಾಗಿದ್ರ ನಿಮ್ಮ ಅಜ್ಜಾರು ಒಂಟಿಗಾಲಿಲೆ ನಿಂತು ಜಪಾ ಮಾಡಿದ್ರೂ ನೆಟ್ಟಗ ಆಗಾಂಗಿಲ್ಲ. ನಡಿ."

ದೋಣಿ ದಂಡೆ ಮುಟ್ಟಿದಾಗ ಅಜ್ಜ ಆಗಲೇ ನೀರಿನ ಅಂಚಿಗೆ ಬಂದು ನಿಂತಿದ್ದರು. ಅವರು ಯಾರಿಗಾಗಿಯೂ ಅಷ್ಟು ದೂರ ಇಳಿದು ಬಂದದ್ದನ್ನು ಶಿಷ್ಯರು ನೋಡಿರಲಿಲ್ಲ. ಅಜ್ಜ ಕೈ ನೀಡಿ ಉಸ್ತಾದರನ್ನು ದೋಣಿಯಿಂದ ಇಳಿಸಿಕೊಂಡರು. ಉಸ್ತಾದ ನಾಚಿ, "ಇರಲಿ ಬಿಡ್ರಿ, ಇರಲಿ ಬಿಡ್ರಿ" ಎನ್ನುತ್ತಲೇ ಮೆಟ್ಟಿಲು ಹತ್ತಿದರು.

ಪಡಸಾಲೆಯಲ್ಲಿ ಬೋರ್ಡಿನ ಮುಂದೆ ಕೂತು ಅವರು ಎಡಗೈ ಚಾಚಿ ಸರಳು ಮುಟ್ಟಿದರು. ಎದೆ ಮುಟ್ಟಿಕೊಂಡರು. "ಬಿಸ್ಮಿಲ್ಲಾ" ಎಂದರು. ಗೋಡೆಗೊರಗಿ ನಿಂತಿದ್ದ ಶಿಷ್ಯರು ಒಬ್ಬರ ಮುಖ ಒಬ್ಬರು ನೋಡಿದರು. ಅಡಿವೆಪ್ಪಣ್ಣನ ಕೈಯ ಆ ರೂಢಿ ಎಲ್ಲಿಂದ ಬಂದದ್ದೆಂದು ಅವರಿಗೆಲ್ಲ ಒಮ್ಮೆಗೇ ತಿಳಿಯಿತು.

ಇಡೀ ದಿನ ನಡುಗುತ್ತಿದ್ದ ಉಸ್ತಾದರ ಕೈ ಪ್ರೊಸೆಸರ್ ಇಡುವಾಗ ಮಾತ್ರ ನಡುಗಲಿಲ್ಲ.

ಗುಂಡಿ ಒತ್ತಿದರು. ಕೆಂಪು ದೀಪ ಹತ್ತಿತು. ಆರಿತು. ಪರದೆ ಬೆಳಗಿತು.

"ಬಂತು!" ಎಂದು ಗೊರಕೆಯ ಶಿಷ್ಯ ಕೂಗಿದ.

"ಇನ್ನೂ ಇಲ್ಲ," ಎಂದರು ಉಸ್ತಾದ. ಪೆನ್ ಡ್ರೈವ್ ಹಾಕಿದರು. ಪರದೆಯ ಮೇಲೆ ಒಂದು ಗೆರೆ ಮೆಲ್ಲಗೆ ಉದ್ದವಾಗತೊಡಗಿತು. "ಈಗ ತಾಯಿ ಓದಾಕತ್ತಾಳ. ಯಾರೂ ವಾಯರ್ ಮುಟ್ಟಬ್ಯಾಡ್ರಿ."

"ಈಗ ಕರೆಂಟ್ ಹ್ವಾದ್ರ?" ಅಜ್ಜ ಕೇಳಿದರು.

"ಎಲ್ಲಾ ಮರೀತಾಳ್ರಿ. ಹೊಸಾದೂ ಇಲ್ಲ, ಹಳೇದೂ ಇಲ್ಲ. ಮತ್ತ ಏಳಾಂಗಿಲ್ಲ."

ಆಶ್ರಮದ ಬ್ಯಾಟರಿ ಕೆಟ್ಟು ವರ್ಷವಾಗಿತ್ತು. ಆ ಊರಿನ ಕರೆಂಟಿಗೆ ಹೊತ್ತು ಗೊತ್ತೆಂಬುದು ಇರಲಿಲ್ಲ. ಯಾರೂ ಅಲುಗಾಡಲಿಲ್ಲ. ಅಡಿವೆಪ್ಪನ ಉಪದೇಶವೂ ಆ ಗೆರೆಯ ಮೇಲೆ ನಿಂತಿತ್ತು. ಆದರೆ ವಿಚಿತ್ರವೆಂದರೆ, ಅವನು ಅದನ್ನು ಮರೆತಿದ್ದ. ಉಸ್ತಾದರ ಕೈಗಳನ್ನೇ ನೋಡುತ್ತಿದ್ದ. ಒಂದು ಹಳೆಯ ಪ್ರೊಸೆಸರ್, ಯಾರೋ ಎಂದೋ ಬಿಟ್ಟು ಹೋದದ್ದು, ತಾನು ಉಳಿಯದ ಮನೆಯಲ್ಲಿ ಕೂತು ತನ್ನ ನಂತರ ಬರುವವನ ಹೆಸರು ಹೇಳಿಕೊಡುತ್ತಿದೆ.

ಗೆರೆ ತುದಿ ಮುಟ್ಟಿತು.

ಉಸ್ತಾದ ಹಳೆಯದನ್ನು ತೆಗೆದು ಬಟ್ಟೆಯಲ್ಲಿ ಸುತ್ತಿ ಕಿಸೆಗೆ ಹಾಕಿದರು. ಹೊಸದರ ಡಬ್ಬಿಯನ್ನು ಅಡಿವೆಪ್ಪನ ಕೈಗೆ ಕೊಟ್ಟರು.

"ನೀ ಕುಂದರಸು."

ಅವನು ಸರಳು ಮುಟ್ಟಿದ. ಎದೆ ಮುಟ್ಟಿದ. ಈ ಸಲ ಬಾಯಿಬಿಟ್ಟು, ಎಲ್ಲರಿಗೂ ಕೇಳುವಂತೆ, "ಬಿಸ್ಮಿಲ್ಲಾ" ಎಂದ. ಉಸ್ತಾದ ಮುಖ ಆಚೆ ತಿರುಗಿಸಿಕೊಂಡರು.

ಗುಂಡಿ ಒತ್ತಿದ. ಫ್ಯಾನು ತಿರುಗಿತು. ಪರದೆಯ ಮೇಲೆ, ಕಪ್ಪಿನ ನಡುವೆ, ಹೊಸ ಪ್ರೊಸೆಸರಿನ ಪೂರ್ತಿ ಹೆಸರು ಬಿಳಿಯ ಅಕ್ಷರಗಳಲ್ಲಿ ಮೂಡಿತು.

ಅಜ್ಜ ಎರಡೂ ಕೈ ಕೆನ್ನೆಗೆ ಹಚ್ಚಿಕೊಂಡರು.

"ಹೆಸರು ಹಿಡದು ಕರೀತಲ್ಲೋ!" ಎಂದರು. ಎಂಬತ್ತರ ಮುದುಕರು ಚಿಕ್ಕ ಕೂಸಾಗಿಬಿಟ್ಟಿದ್ದರು. "ಹೆಸರು ಹಿಡದು ಕರೀತು!"

ಬಹಳ ಹೊತ್ತಿನ ಮೇಲೆ ಪಡಸಾಲೆ ಶಾಂತವಾಯಿತು. ಆಗ ಅಡಿವೆಪ್ಪನಿಗೆ ನೆನಪಾಯಿತು. ಅಜ್ಜನ ಮುಂದೆ ಮಂಡಿಯೂರಿ ಕೂತು ಬಲಗಿವಿ ಅವರ ಕಡೆ ಮಾಡಿದ.

ಅಜ್ಜ ಬಾಗಲಿಲ್ಲ. ಅವನನ್ನು ದಾಟಿ ನಡೆದು ಉಸ್ತಾದರ ಎದುರು ಹೋಗಿ ನಿಂತರು. ಹೆಗಲ ಮೇಲಿನ ಕಾವಿ ವಸ್ತ್ರ ತೆಗೆದು ಎರಡೂ ಕೈಯಲ್ಲಿ ಉಡಿಯೊಡ್ಡಿದರು.

ಉಸ್ತಾದ ಗಾಬರಿಯಿಂದ ಎದ್ದು ನಿಂತರು.

"ಉಸ್ತಾದರ," ಎಂದರು ಅಜ್ಜ, "ಆರು ವರ್ಷ ಆತು, ಇಂವನ್ನ ಯಾರನ್ನ ಕೇಳಿ ತಗೋಬೇಕು ಅಂತ ನನಗ ಗೊತ್ತಿದ್ದಿಲ್ಲ. ಈಗ ನಿಮ್ಮನ್ನ ಕೇಳತೀನಿ. ಈ ಮಗನ್ನ ನನಗ ಕೊಡತೀರೇನ್ರಿ?"